ಈಜುಕೊಳಕ್ಕೆ ಕಟ್ಟಿದ ಬಲೆ

ನಲವತ್ತು ವರ್ಷ ದೋಣಿಯಲ್ಲಿ ಬಲೆ ಎಳೆದವನು ನಾನು. ಬಲೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮುಂಬೈಯಲ್ಲಿ ಹೋಟೆಲು ನಡೆಸುವ ಅಳಿಯ ಬೀಜಾಡಿಯಲ್ಲಿ ಮನೆ ಕಟ್ಟಿಸಿ, ಅಂಗಳದಲ್ಲಿ ಈಜುಕೊಳವನ್ನೂ ಮಾಡಿಸಿದ. ಪಕ್ಕದಲ್ಲೇ ಇಡೀ ಕಡಲಿದ್ದರೂ ಪುಣ್ಯಾತ್ಮನಿಗೆ ನೀರು ಸಾಲಲಿಲ್ಲ. ಮೊಮ್ಮಗಳಿಗಾಗ ಮೂರು ವರ್ಷ.

"ಮಾವ, ಸುತ್ತ ಬೇಲಿ ಹಾಕುಕೆ ಹೇಳಿದೆ. ಬಪ್ಪ ತಿಂಗ್ಳ್ ಬತ್ರಂಬ್ರ್" ಎಂದ. ಬೇಲಿಯವರು ಬರಲು ಇನ್ನೂ ಒಂದು ತಿಂಗಳು.

"ಬೇಲಿ ಎಂತಕೆ? ನನ್ನತ್ರ ಬಲೆ ಇತ್ತಲೆ!" ಎಂದೆ.

ನಮ್ಮ ಕಡೆ ಬಾವಿಗೆ ಹಳೆ ಬಲೆ ಹೊದಿಸುವುದು ಎಲ್ಲರೂ ಮಾಡುವ ಕೆಲಸ. ಕಸ ಬೀಳುವುದಿಲ್ಲ, ಕೋಳಿಯೂ ಬೀಳುವುದಿಲ್ಲ. ಆದರೆ ಬಾವಿಗೆ ಎದೆಮಟ್ಟದ ಕಟ್ಟೆ ಇರುತ್ತದೆ. ಕೊಳಕ್ಕೆ ಅದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಎರಡು ತೆಂಗಿನಮರ, ಎರಡು ಕಂಬಕ್ಕೆ ನೆಲಮಟ್ಟದಲ್ಲೇ ಬಲೆಯನ್ನು ಬಿಗಿಯಾಗಿ ಕಟ್ಟಿದೆ. ಬೆಕ್ಕೊಂದು ಅದರ ಮೇಲೆ ನಡೆದು ಆಚೆ ದಾಟಿತು. ಪರೀಕ್ಷೆ ಮುಗಿಯಿತು.

ಒಂದು ಭಾನುವಾರ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಮಗಳು ಒಳಗೆ ಮೀನು ಕೊಯ್ಯುತ್ತಿದ್ದಳು. ಮಗುವಿನ ಚೆಂಡು ಉರುಳಿ ಬಲೆಯ ಮೇಲೆ ಹೋಯಿತು, ಮಗು ಅದರ ಹಿಂದೆ ಹೋಯಿತು. ನಡುವೆ ಬಲೆ ಜಗ್ಗಿ, ಒಂದು ಗಂಟು ಬಿಚ್ಚಿಕೊಂಡು, ಬಲೆ ಮಗು ಎರಡೂ ನೀರಿಗಿಳಿದವು. ಕೂಗಿಲ್ಲ, ಸದ್ದಿಲ್ಲ. ನಾನು ಹಾಳೆ ತಿರುವಲು ತಲೆ ಎತ್ತಿದೆ, ಅಷ್ಟೇ.

ಪೇಪರ್ ಹಿಡಿದುಕೊಂಡೇ ಹಾರಿದೆ. ನೀರು ನನ್ನ ಎದೆಮಟ್ಟ. ಬಿಡಿಸಲು ಹೋದಷ್ಟೂ ಬಲೆ ಅವಳ ಕೈಕಾಲಿಗೆ ಸುತ್ತಿಕೊಂಡಿತು. ಒಳ್ಳೆಯ ಬಲೆ ಮಾಡುವ ಕೆಲಸವೇ ಅದು. ಬಲೆ ಸಮೇತ ಮೇಲೆತ್ತಿ "ಹ್ವಾಯ್, ಕತ್ತಿ ತಾ, ಕತ್ತಿ!" ಎಂದು ಕಿರುಚಿದೆ. ಮಗಳು ಮೀನಿನ ಕತ್ತಿ ತಂದು ಬಲೆ ಕೊಯ್ದಳು. ಮಗು ಕೆಮ್ಮಿತು, ನೀರು ಕಾರಿತು, ಆಮೇಲೆ ಅತ್ತಿತು. ದೇವರೇ, ಆ ಅಳು ಕೇಳಿ ನಾನೂ ಅತ್ತೆ.

ಕುಂದಾಪುರದ ಡಾಕ್ಟರು ಸಂಜೆಯವರೆಗೆ ಇಟ್ಟುಕೊಂಡು, ಏನೂ ತೊಂದರೆಯಿಲ್ಲ ಎಂದು ಕಳಿಸಿದರು.

ಮರಳುವಾಗ ಕಾರಿನಲ್ಲಿ ಮಗಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ತಿರುಗಿ ಬೈಯುವುದಕ್ಕೂ ನನ್ನಲ್ಲಿ ಮಾತಿತ್ತು. ಅವಳು ಮಲಗಿದ್ದ ಮಗುವಿನ ತಲೆ ಸವರುತ್ತಾ ಮೆಲ್ಲಗೆ ಹೇಳಿದಳು:

"ಬಲೆ ಇತ್ತಲ ಅಂದ್ಹೇಳಿಯೇ ನಾನ್ ಒಳ್ಗ್ ಹೋದ್ದ್ ಅಪ್ಪಯ್ಯ. ಇಲ್ದಿರೆ ಅಲ್ಲೇ ಕೂಕಂಡಿರ್ತಿದ್ದೆ."