ಹಂಗಳದ ಗೌರಿ ಮತ್ತು ಅವಳ ಇಪ್ಪತ್ತೆರಡು

ನಮ್ಮ ಮಂಗಳಗೌರಿ ಕಾರು ಓಡಿಸುವುದನ್ನು ನೀವು ಒಮ್ಮೆಯಾದರೂ ನೋಡಬೇಕು. ಹಂಗಳದಿಂದ ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ ದಾಟಿ ಬದನಗುಪ್ಪೆಯ ಗಾರ್ಮೆಂಟ್ಸ್‌ವರೆಗೆ ದಿನಾ ನಮ್ಮನ್ನು ಕರೆದೊಯ್ದು ಸಂಜೆ ವಾಪಸ್ ತಂದು ಬಿಡುವವಳು ಅವಳೇ. ಮುಂದಿನ ಸೀಟಿನಲ್ಲಿ ಚಿಕ್ಕಮಲ್ಲಮ್ಮ, ಹಿಂದೆ ನಾನು ಮತ್ತು ಇನ್ನಿಬ್ಬರು ಹುಡುಗಿಯರು. ನಾವೆಲ್ಲ ಹೊಲಿಗೆ ಮೆಷಿನ್ನಿನ ಮುಂದೆ ಕೂರುವವರು, ಅವಳು ಸಂಜೆಯವರೆಗೆ ಗೇಟಿನ ಹತ್ತಿರ ಕಾಯುವವಳು. ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ದಿನಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಸೊಂಟ ಹಿಡಿದುಕೊಳ್ಳುತ್ತದೆ.

ಗೌರಿ ಸ್ಟೀರಿಂಗ್ ಹಿಡಿಯಲು ಕಲಿತದ್ದು ಅಪ್ಪನ ಟ್ರ್ಯಾಕ್ಟರಿನಲ್ಲಿ, ಅರಿಶಿನದ ಹೊಲದಲ್ಲಿ. ಮದುವೆಯಾಗಿ ಹಂಗಳಕ್ಕೆ ಬಂದ ಮೇಲೆ ಹಟ ಹಿಡಿದು ಚಾಮರಾಜನಗರಕ್ಕೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಳು. ಊರಿನ ಗಂಡಸರು ಹಲ್ಲು ಕಿರಿದರು. ಹಲ್ಲು ಕಿರಿದವರೇ ಈಗ ಬೀಗರ ಊಟಕ್ಕೆ ಹೋಗಬೇಕಾದರೆ ಫೋನ್ ಮಾಡಿ, ಗೌರಮ್ಮ ಬಿಡುವಾಗಿದ್ದೀಯಾ ಎಂದು ಬೆಣ್ಣೆಯಂತೆ ಮಾತಾಡುತ್ತಾರೆ. ಕಾರು ಮಾತ್ರ ಅವಳದಲ್ಲ, ಅವಳ ಬಾವ ರಘುನಾಥನದು. ಅವಳ ಅಕ್ಕ ಸುಧಾಮಣಿಯ ಗಂಡ, ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವಾತ. ನಾವು ತಿಂಗಳಿಗೆ ಕೊಡುವ ಬಾಡಿಗೆ ಅವನಿಗೆ, ಪೆಟ್ರೋಲ್ ಹಾಕಿಸುವುದೂ ಅವನೇ, ಓಡಿಸುವುದು ಗೌರಿ.

ಈ ಕಾರಿನಲ್ಲಿ ಸ್ಟೀರಿಂಗ್ ಹಿಂದೆ ಒಂದು ಪುಟ್ಟ ಸ್ಕ್ರೀನ್ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಅದು ತೋರಿಸುತ್ತದೆ. ಅದೇ ಗೌರಿಯ ಪ್ರಾಣ. ಹಂಪ್ ಇನ್ನೂ ದೂರವಿರುವಾಗಲೇ ಕಾಲು ಎತ್ತುತ್ತಾಳೆ, ಗಾಡಿ ತಾನೇ ಉರುಳಿಕೊಂಡು ಹೋಗಿ ಹಂಪ್ ಹತ್ತಿ ಇಳಿಯುತ್ತದೆ. ಬಸವನ ಹುಳುವಾದರೂ ನಮ್ಮನ್ನು ಹಿಂದೆ ಹಾಕುತ್ತದೆ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಎಸಿ ಹಾಕುವಂತಿಲ್ಲ. ಕಿಟಕಿ ಪೂರ್ತಿ ಇಳಿಸುವಂತೆಯೂ ಇಲ್ಲ, ಗಾಳಿ ತಡೆಯುತ್ತದಂತೆ! ನಾವು ಬೆಂದು ಹೋಗುತ್ತಿದ್ದರೆ ಅವಳು ಸ್ಕ್ರೀನ್ ನೋಡಿಕೊಂಡು ಕೂಗುತ್ತಾಳೆ.

"ನೋಡ್ರಮ್ಮಿ, ಇಪ್ಪತ್ತೆರಡು! ಯಾವ ಗಂಡ್ಸಾದ್ರೂ ತೆಗ್ದು ತೋರಿಸ್ಲಿ!"

ಅಂಕಿ ಸ್ವಲ್ಪ ಕೆಳಗಿಳಿದರೆ ಗ್ರಹಚಾರ ಚಿಕ್ಕಮಲ್ಲಮ್ಮನದು. "ರಾತ್ರಿ ಎಷ್ಟು ಮುದ್ದೆ ನುಂಗ್ದೆ ಚಿಕ್ಕಮಲ್ಲಕ್ಕ? ಪಾಯಿಂಟ್ ಬಿದ್ದೋಯ್ತಲ್ಲ!"

"ನಿನ್ ಕಾರಿಗೋಸ್ಕರ ನಾನು ಉಪಾಸ ಬೀಳ್ಬೇಕಾ? ಸುಮ್ಕೆ ಓಡ್ಸಮ್ಮಿ," ಎನ್ನುತ್ತಾಳೆ ಆಕೆ. ಹೀಗೆ ನಗುತ್ತಾ ಕಿತ್ತಾಡುತ್ತಾ ಊರು ಸೇರುತ್ತಿದ್ದೆವು.

ಆ ಇಪ್ಪತ್ತೆರಡೇ ಅವಳ ಕುತ್ತಿಗೆಗೆ ಬಂತು.

ರಘುನಾಥನ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರವಿತ್ತು. ನಮ್ಮನ್ನೂ ಕರೆದಿದ್ದರು. ಗೌರಿ ಪಾಯಸ ಬಡಿಸುತ್ತಾ, ಎಂದಿನಂತೆ, ಸಾಲಿನಲ್ಲಿ ಕೂತವರಿಗೆಲ್ಲ ತನ್ನ ಇಪ್ಪತ್ತೆರಡರ ಕಥೆ ಹೇಳುತ್ತಿದ್ದಳು. ರಘುನಾಥ ಎಲೆಯಿಂದ ತಲೆ ಎತ್ತಿದ.

"ಇಪ್ಪತ್ತೆರಡು ಕೊಡ್ತದೆ ಅಂತೀಯ. ನಾನ್ ಆಕ್ಸಿದ್ ಪೆಟ್ರೋಲು, ಗಾಡಿ ಓಡಿದ್ ಕಿಲೋಮೀಟ್ರು ಎರಡೂ ನೋಡುದ್ರೆ ಅತ್ತೊಂಬತ್ತು ದಾಟಲ್ಲ. ಮಿಕ್ಕಿದ್ ಪೆಟ್ರೋಲ್ ಯಾವ್ ಮನೆಗೆ ಓಯ್ತದಮ್ಮಿ?"

ಕೆಲವರು ತಮಾಷೆ ಎಂದುಕೊಂಡು ನಕ್ಕರು. ಅವನು ನಗಲಿಲ್ಲ. "ಕದ್ದು ಮಾರ್ಕಂಡ್ರೆ ಗೊತ್ತಾಗಲ್ಲ ಅನ್ಕೊಂಡ್ಯಾ?" ಎಂದು ಜೋರಾಗಿಯೇ ಕೇಳಿದ. ಅನ್ನದ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಸುಧಾಮಣಿ ತಂಗಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ತುಟಿ ಬಿಚ್ಚದೆ ಮುಂದಿನ ಎಲೆಗೆ ಅನ್ನ ಬಡಿಸಿದಳು. ನನಗೆ ಮೈ ಉರಿದು ಹೋಯಿತು. ಬಾವ ಅಂದದ್ದಕ್ಕಿಂತ ಅಕ್ಕ ಅನ್ನದೆ ಇದ್ದದ್ದು ಗೌರಿಯನ್ನು ಹೆಚ್ಚು ಸುಟ್ಟಿತು. ಇದನ್ನು ಅವಳೇ ಆಮೇಲೆ ನನ್ನ ಮುಂದೆ ಹೇಳಿಕೊಂಡು ಅತ್ತಳು.

ಊಟಕ್ಕೆ ಬಂದಿದ್ದ ಹಿರಿಯರೊಬ್ಬರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಆಣೆ ಮಾಡಿಬಿಡಲಿ, ಅಲ್ಲಿಗೆ ಮುಗಿಯುತ್ತದೆ ಎಂದರು. ಗೌರಿ ಪಾಯಸದ ಸೌಟನ್ನು ಪಾತ್ರೆಗೆ ಹಾಕಿ ಸೆರಗು ಸಿಕ್ಕಿಸಿಕೊಂಡಳು.

"ಪೆಟ್ರೋಲ್ ಅಳೆಯಾಕೆ ಗೋಪಾಲಸ್ವಾಮಿನ ಯಾಕೆ ಕರೀತೀರಾ? ಬಂಕಿಗೆ ಓಗನ. ಟ್ಯಾಂಕ್ ತುಂಬ್ಸನ, ಓಡ್ಸನ, ಬಂದು ತಿರ್ಗ ತುಂಬ್ಸನ. ಎಷ್ಟು ಇಡೀತದೋ ಅಷ್ಟನ್ನ ಕಾರೇ ಕುಡ್ದಿರೋದು. ನಾನು ಕಳ್ಳಿಯಾದ್ರೆ ಅವತ್ತೇ ಕೀ ಕೊಟ್ಬುಡ್ತೀನಿ ಬಾವ, ತಿರ್ಗ ನಿಮ್ ಮನೆ ಒಸ್ಲು ತುಳಿಯಲ್ಲ."

ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆಯ ಬಂಕಿನಲ್ಲಿ ನಾವೆಲ್ಲ ಸೇರಿದೆವು. ನಮ್ಮ ಭಾಗದವರು ಟ್ಯಾಂಕ್ ತುಂಬಿಸುವ ಪರಿಯನ್ನು ಸ್ವಲ್ಪ ಹೇಳಲೇಬೇಕು. ಪೈಪು ತಾನಾಗಿ ಟಕ್ ಎಂದು ನಿಂತರೆ ನಾವು ಅಲ್ಲಿಗೆ ಬಿಡುವವರಲ್ಲ. ಇಬ್ಬರು ಕಾರಿನ ಹಿಂಭಾಗ ಹಿಡಿದು ಎಡಕ್ಕೂ ಬಲಕ್ಕೂ ಕುಲುಕಬೇಕು. ಒಳಗಿನ ಗಾಳಿ ಗುಳುಗುಳು ಎಂದು ಹೊರಬರುತ್ತದೆ, ಇನ್ನಷ್ಟು ಪೆಟ್ರೋಲ್ ಹಿಡಿಯುತ್ತದೆ. ರಘುನಾಥ ಅಂಗಡಿಯ ಇಬ್ಬರು ಹಮಾಲಿಗಳನ್ನು ಕರೆತಂದಿದ್ದ. ಮೂಟೆ ಹೊರುವ ತೋಳುಗಳು, ಕಾರು ತೊಟ್ಟಿಲಿನಂತೆ ತೂಗಿತು. ಪೆಟ್ರೋಲ್ ಬಾಯಿಯವರೆಗೆ ಬಂದು ಕಣ್ಣಿಗೆ ಕಂಡ ಮೇಲೆಯೇ ಅವನು ಸಾಕು ಎಂದದ್ದು.

ಬಂಕಿನ ಕುಮಾರಸ್ವಾಮಿ ಮುಚ್ಚಳ ಹಾಕುತ್ತಾ, "ಅಣ್ಣ, ಆ ಸ್ಕ್ರೀನು ಅಂದಾಜಲ್ಲಿ ತೋರಿಸ್ತದೆ. ಸುಮಾರು ಗಾಡಿಗಳು ಒಸಿ ಜಾಸ್ತಿನೇ ತೋರಿಸ್ತವೆ," ಎಂದ.

"ಲಕ್ಷಗಟ್ಲೆ ಕೊಟ್ಟಿರೋ ಗಾಡಿ ಸುಳ್ಳು ಏಳ್ತದಾ? ಮನ್ಸ ಸುಳ್ಳು ಏಳ್ತಾನೆ ಕಣ್ಲಾ, ಮಿಷಿನ್ ಏಳಲ್ಲ," ಎಂದು ರಘುನಾಥ ಅವನ ಬಾಯಿ ಮುಚ್ಚಿಸಿದ.

ಲೆಕ್ಕ ಸುಲಭವಾಗಿತ್ತು. ಬಂಕಿನಿಂದ ಬದನಗುಪ್ಪೆಗೆ ಹೋಗಿ ಬಂದರೆ ತೊಂಬತ್ತಾರು ಕಿಲೋಮೀಟರ್. ಸ್ಕ್ರೀನ್ ಹೇಳುವುದು ನಿಜವಾದರೆ ಸಂಜೆ ನಾಲ್ಕೂವರೆ ಲೀಟರಿನೊಳಗೇ ಟ್ಯಾಂಕ್ ತುಂಬಬೇಕು. ಹಾಗಾದರೆ ಇಷ್ಟು ದಿನ ಮಿಕ್ಕ ಪೆಟ್ರೋಲ್ ಕದ್ದವಳು ಗೌರಿ. ಐದು ದಾಟಿದರೆ ಕಾರೇ ಅಷ್ಟು ಕುಡಿಯುತ್ತದೆ, ಸ್ಕ್ರೀನ್ ಉಬ್ಬಿಸಿ ಹೇಳುತ್ತಿದೆ, ಗೌರಿ ಕದ್ದಿಲ್ಲ. ಮನೆಮನೆಗೆ ಸಾರಿಕೊಂಡು ಬಂದ ತನ್ನ ಇಪ್ಪತ್ತೆರಡು ಸುಳ್ಳಾಗಲಿ ಎಂದು ಅವಳೇ ಹರಸಿಕೊಳ್ಳಬೇಕಾದ ಪರಿಸ್ಥಿತಿ!

ದಾರಿಯಲ್ಲಿ ಪೆಟ್ರೋಲ್ ತೆಗೆಯದಂತೆ ಕಾಯಲು ರಘುನಾಥ ಯಾರನ್ನು ಕಳಿಸಿದ ಗೊತ್ತೇ? ಸ್ವಂತ ಹೆಂಡತಿಯನ್ನು. ನಮ್ಮ ಹುಡುಗಿಯೊಬ್ಬಳು ಅವತ್ತು ರಜೆ ಹಾಕಿದ್ದಳು, ಅವಳ ಜಾಗದಲ್ಲಿ ಸುಧಾಮಣಿ ನನ್ನ ಪಕ್ಕ ಬಂದು ಕೂತಳು. ಗುಂಡ್ಲುಪೇಟೆ ದಾಟಿದರೂ ಅಕ್ಕತಂಗಿಯರ ನಡುವೆ ಒಂದೂ ಮಾತಿಲ್ಲ. ಚಿಕ್ಕಮಲ್ಲಮ್ಮನಿಗೆ ತಡೆಯಲಾಗಲಿಲ್ಲ. ಗೌರಿಯ ಕಡೆ ಬಾಗಿ ಪಿಸುಗುಟ್ಟಿದಳು. ಅವಳ ಪಿಸುಮಾತು ಹೊಲದ ಆಚೆಗೂ ಕೇಳುತ್ತದೆ.

"ಎಳ್ದು ಓಡ್ಸು ಕಣಮ್ಮಿ. ಎಸಿ ಆಕು. ಚೆನ್ನಾಗಿ ಕುಡೀಲಿ, ಐದಲ್ಲ ಆರು ದಾಟ್ಲಿ!"

"ದಿನಾ ಎಂಗ್ ಓಡ್ಸ್ತಿದ್ನೋ ಅಂಗೇ ಓಡ್ಸದು ಚಿಕ್ಕಮಲ್ಲಕ್ಕ," ಎಂದಳು ಗೌರಿ. ತೆರಕಣಾಂಬಿಯ ಹಂಪ್ ಇನ್ನೂ ದೂರವಿತ್ತು, ಅವಳ ಕಾಲು ಆಗಲೇ ಮೇಲೆದ್ದಿತ್ತು. ಸುಧಾಮಣಿ ಇದನ್ನು ಗಮನಿಸಿದಳು. ಕಿಟಕಿಯ ಕಡೆ ತಿರುಗಿದ್ದ ಮುಖ ಆಮೇಲೆ ಮುಂದಕ್ಕೆ ತಿರುಗಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಓಡಿ ಬಂದು ನೋಡಿದೆ. ಕಾರು ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಅಕ್ಕ ಒಂದು ಕಡೆ, ತಂಗಿ ಒಂದು ಕಡೆ, ನಡುವೆ ಚಿತ್ರಾನ್ನದ ಡಬ್ಬಿ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕುತ್ತಿದ್ದರು. ಆ ದಿನ ನಾನು ಹೊಲಿದ ಕಾಲರುಗಳಲ್ಲಿ ಎಷ್ಟು ವಾಪಸ್ ಬಂದವೋ ದೇವರಿಗೇ ಗೊತ್ತು.

ಸಂಜೆ ಬಂಕಿಗೆ ತಿರುಗಿದಾಗ ಸ್ಕ್ರೀನ್ ಇಪ್ಪತ್ತೆರಡು ತೋರಿಸುತ್ತಿತ್ತು. ಮೊದಲ ಸಲ ಗೌರಿ ಅದನ್ನು ಕೂಗಿ ಹೇಳಲಿಲ್ಲ. ರಘುನಾಥ ಕಾದು ನಿಂತಿದ್ದ. ಕುಮಾರಸ್ವಾಮಿ ಪೈಪು ಇಟ್ಟ. ಪಂಪಿನ ಅಂಕಿ ಓಡತೊಡಗಿತು. ಎರಡು, ಮೂರು, ನಾಲ್ಕು. ಟಕ್! ನಾಲ್ಕು ಲೀಟರ್ ನಲವತ್ತು ಪಾಯಿಂಟಿಗೆ ನಿಂತೇ ಹೋಯಿತು.

ಚಿಕ್ಕಮಲ್ಲಮ್ಮ ಅಯ್ಯೋ ಶಿವನೇ ಎಂದು ತಲೆ ಮೇಲೆ ಕೈ ಇಟ್ಟಳು. ಹೌದು, ಒಂದು ಗಳಿಗೆ ನನಗೂ ಅನುಮಾನ ಬಂತು. ರಘುನಾಥ ಕೈ ಚಾಚಿದ.

"ಮುಗೀತಲ್ಲ. ಕೀ ಕೊಡು."

ಗೌರಿ ಕೀ ತೆಗೆದಳು. ಆಗ ಹಿಂದಿನ ಬಾಗಿಲು ಧಡಾರೆಂದು ತೆರೆದು ಸುಧಾಮಣಿ ಇಳಿದಳು.

"ಕೀ ಇರ್ಲಿ ಬುಡಿ. ಬೆಳಗ್ಗೆ ಆ ಪಾಟಿ ಅಲ್ಲಾಡ್ಸಿದ್ರಲ್ಲ, ಈಗ ಯಾಕೆ ಅಲ್ಲಾಡ್ಸ್ನಿಲ್ಲ?"

ರಘುನಾಥ ಬೇಕೆಂದೇ ಮಾಡಿದ ಎಂದು ನಾನು ಹೇಳುವುದಿಲ್ಲ. ತನಗೆ ಬೇಕಾದ ಅಂಕಿ ಬಂತು, ಮಿಕ್ಕದ್ದು ಮರೆತು ಹೋಯಿತು. "ಟಕ್ ಅಂತಲ್ಲ ಕಣೆ, ತುಂಬ್ತು..." ಎಂದು ಅವನು ತೊದಲುತ್ತಿರುವಾಗಲೇ ಸುಧಾಮಣಿ ಸೊಂಟಕ್ಕೆ ಸೆರಗು ಸುತ್ತಿ ಕಾರಿಗೆ ಎರಡೂ ಕೈ ಕೊಟ್ಟಿದ್ದಳು. ಒಬ್ಬಳೇ! ಬಳೆಗಳು ಡಿಕ್ಕಿಗೆ ಬಡಿದು ಒಂದೆರಡು ಒಡೆದವು. ನಾನು ಹಾರಿ ಹೋಗಿ ಕೈ ಕೊಟ್ಟೆ. ಚಿಕ್ಕಮಲ್ಲಮ್ಮ ತನ್ನ ಮೈಭಾರವನ್ನೆಲ್ಲ ಹಾಕಿದಳು. ಬಾಳೆಕಾಯಿ ಲಾರಿಯ ಕೇರಳದ ಡ್ರೈವರ್ ಒಬ್ಬ ಏನು ಎತ್ತ ಎಂದೂ ಕೇಳದೆ ಓಡಿ ಬಂದು ಸೇರಿಕೊಂಡ.

ಗುಳುಗುಳು, ಗುಳುಗುಳು! ಕುಮಾರಸ್ವಾಮಿ ಪೈಪು ಒತ್ತಿದ. ನಾಲ್ಕು ಅರವತ್ತು. ಮತ್ತೆ ಕುಲುಕಿದೆವು. ನಾಲ್ಕು ಎಂಬತ್ತು. ಆಟೋದವರೆಲ್ಲ ಸುತ್ತ ಸೇರಿ "ಆಕ್ಲಾ, ಇನ್ನೂ ಇಡೀತದೆ, ಆಕ್ಲಾ!" ಎಂದು ಕೂಗುತ್ತಿದ್ದರು. "ಬೆಳಗ್ಗೆ ಬಾಯಿಗ್ ಬಂದು ನಿಂತಿತ್ತು, ಅಷ್ಟಕ್ಕೇ ನಿಲ್ಸು, ಅದುಕ್ಕಿಂತ ಒಂದು ತೊಟ್ಟು ಬ್ಯಾಡ," ಎಂದು ಸುಧಾಮಣಿ ಏದುಸಿರು ಬಿಡುತ್ತಾ ಹೇಳಿದಳು. ಐದು! ಐದು ದಾಟಿತು! ಐದು ಲೀಟರ್ ಹತ್ತು ಪಾಯಿಂಟಿಗೆ ಪೆಟ್ರೋಲ್ ಬಾಯಿಯಲ್ಲಿ ಹೊಳೆಯಿತು. ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಚಿಕ್ಕಮಲ್ಲಮ್ಮ ಆ ಲಾರಿ ಡ್ರೈವರನ ಬೆನ್ನಿಗೆ ಗುದ್ದಿದಳು, ಸಂತೋಷಕ್ಕೆ.

ಕುಮಾರಸ್ವಾಮಿ ಫೋನಿನಲ್ಲಿ ಭಾಗಿಸಿ ನೋಡಿ, "ಅತ್ತೊಂಬತ್ತೂ ಪೂರ್ತಿ ಇಲ್ಲ ಅಣ್ಣ. ನಿಮ್ ಲೆಕ್ಕನೇ ಸರಿ. ಸ್ಕ್ರೀನ್ ಏಳಿದ್ದೇ ಜಾಸ್ತಿ," ಎಂದ.

ಗೌರಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಓಯ್ತಲ್ಲಮ್ಮಿ ಭವ್ಯ, ನನ್ ಇಪ್ಪತ್ತೆರಡು," ಎಂದು ನನ್ನನ್ನು ಅಪ್ಪಿಕೊಂಡಳು. ನಾವಿಬ್ಬರೂ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದೆವು.

ರಘುನಾಥ ಕತ್ತು ಕೆರೆದುಕೊಂಡ. "ಆಯ್ತು ಬುಡು. ನಾಳೆಯಿಂದ ಗಾಡಿ ನೀನೇ ತಗಂಡೋಗು," ಎಂದು ಅಂಗಡಿಯ ಕಡೆ ತಿರುಗಿದ. ಗೌರಿ ಕೀ ಹಿಡಿದ ಕೈಯನ್ನು ಅವನ ಮುಂದೆ ಚಾಚಿದಳು.

"ಅಷ್ಟಕ್ಕೇ ಆಯ್ತಾ ಬಾವ? ಕಳ್ಳಿ ಅಂದಿದ್ದು ಊಟದ ಸಾಲಲ್ಲಿ, ಎಲ್ರ ಮುಂದೆ."

ರಘುನಾಥ ನೆಲ ನೋಡಿಕೊಂಡು, "ತಪ್ಪಾಯ್ತು ಕಣಮ್ಮಿ. ನೀನು ಕದ್ದಿಲ್ಲ," ಎಂದ. ಎಷ್ಟು ಮೆಲ್ಲಗೆ ಅಂದರೆ, ಪಕ್ಕದಲ್ಲಿದ್ದ ನನಗೇ ಅರ್ಧ ಮಾತ್ರ ಕೇಳಿಸಿತು.

ಸುಧಾಮಣಿ ಅಂಗೈಗೆ ಅಂಟಿದ್ದ ಧೂಳು ಒರೆಸಿಕೊಂಡು ತಂಗಿಯ ಪಕ್ಕಕ್ಕೆ ಬಂದು ನಿಂತಳು. ಒಡೆದ ಬಳೆ ಗೀರಿ ಅವಳ ಮಣಿಕಟ್ಟಿನಲ್ಲಿ ರಕ್ತ ಜಿನುಗುತ್ತಿತ್ತು.

"ನಂಗೆ ಕೇಳಿಸ್ನಿಲ್ಲ," ಎಂದಳು ಗಂಡನಿಗೆ. "ಇನ್ನೊಂದ್ಸಲ ಏಳಿ."