ನೀರು ಕುಡಿದ ಬಾಗಿಲು

ಕದ್ರಾದ ಒಂದು ಮನೆಯ ಹಿಂದಿನ ಚಪ್ಪರದಲ್ಲಿ ಆ ಗಾಡಿ ಮೊದಲು ನನ್ನ ಕಣ್ಣಿಗೆ ಬಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನನಗಿಂತ ವಯಸ್ಸಿನಲ್ಲಿ ಹಿರಿಯ ಗಾಡಿ. ಮೂತಿ ಮಾತ್ರ ಕಬ್ಬಿಣದ್ದು. ಮುಂದಿನ ಗಾಜಿನಿಂದ ಹಿಂದಕ್ಕೆ ಕಂಬ, ಪಟ್ಟಿ, ಬಾಗಿಲು ಎಲ್ಲವೂ ಸಾಗವಾನಿ. ಸ್ಟೇಷನ್ ವ್ಯಾಗನ್ ಎನ್ನುತ್ತಾರೆ ಅದಕ್ಕೆ. ಮರದ ಮೈಯ ಇಂಥದ್ದನ್ನು ನಮ್ಮ ಜಿಲ್ಲೆಯಲ್ಲಿ ನಾನು ಬೇರೆಲ್ಲೂ ನೋಡಿರಲಿಲ್ಲ. ಅರ್ಧ ಬಾಡಿಯನ್ನು ಗೆದ್ದಲು ತಿಂದು ಮುಗಿಸಿತ್ತು, ಉಳಿದದ್ದನ್ನು ಕೋಳಿಗಳು ಹಾಳುಮಾಡಿದ್ದವು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಮನೆಯವರು ಕೊಡುತ್ತೇವೆ ಅಂದರು, ನಾನು ಹಿಂದುಮುಂದು ನೋಡದೆ ಲಾರಿಗೆ ಹಾಕಿಸಿ ಅಂಕೋಲೆಗೆ ತಂದೆ. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಅಂಕೋಲೆಯಲ್ಲಿ ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ. ಇಂಜಿನ್, ಬ್ರೇಕು, ವೈರಿಂಗ್ ನನ್ನ ಕೈಯ ಕೆಲಸ. ಮರದ ಕೆಲಸ ಬರುವುದಿಲ್ಲ. ಅದಕ್ಕೆ ಕಾರವಾರದ ಕೋಡಿಬಾಗದಿಂದ ಮಾವನನ್ನು ಕರೆಸಿದೆ. ಮಾವ ಎಂದರೆ ನನ್ನ ತಾಯಿಯ ಅಣ್ಣ, ದೋಣಿ ಕಟ್ಟುವ ಬಡಗಿ. ಒಂದು ಕಾಲದಲ್ಲಿ ಕಾಳಿ ನದಿಯ ಮುಖದಲ್ಲಿ ನಿಂತ ದೋಣಿಗಳನ್ನು ತೋರಿಸಿ ಇದು ನಂದು, ಅದು ನಂದು ಎಂದು ಲೆಕ್ಕ ಹೇಳುತ್ತಿದ್ದವ. ಫೈಬರ್ ದೋಣಿ ಬಂದ ಮೇಲೆ ಅವನನ್ನು ಕರೆಯುವವರು ಇಲ್ಲದಾದರು. ಹತಾರಗಳ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು. ನಾನು ಫೋನ್ ಮಾಡಿದ ಮರುದಿನವೇ ಆ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಿಂದ ಇಳಿದ.

ಗಾಡಿಯ ಹಳೆಯ ಆರ್‌ಸಿ ಪುಸ್ತಕದಲ್ಲಿ ಮರದ ಬಾಡಿ ಎಂದೇ ಬರೆದಿತ್ತು. ತಗಡು ಹೊಡೆದು ತಂದರೆ ಅದು ಬೇರೆ ಗಾಡಿಯಾಗುತ್ತದೆ, ಮರದಲ್ಲೇ ಸರಿಮಾಡಿ ತನ್ನಿ ಎಂದು ಕಾರವಾರದ ಆರ್‌ಟಿಓ ಕಚೇರಿಯ ಪಾಸಿಂಗ್ ಅಧಿಕಾರಿ ಹೇಳಿದ್ದರು. ಎರಡು ಸಲ ವಾಯಿದೆ ಕೊಟ್ಟಿದ್ದರು. ಮೂರನೆಯದು, ಕೊನೆಯದು, ಜೂನ್ ತಿಂಗಳ ಒಂದು ಬುಧವಾರ. ನನ್ನ ಆತಂಕ ಅಷ್ಟಕ್ಕೇ ಇತ್ತು. ಮಾವನದು ಬೇರೆ. ಮಂಜಗುಣಿಯ ತಾರಿಗೆ, ಹೊಳೆ ದಾಟಿಸುವುದಕ್ಕೆ, ಮರದ ದೋಣಿಯನ್ನೇ ಕಟ್ಟಿಸಬೇಕೆಂದಿದ್ದ ಒಬ್ಬರು ಮಾವನ ಹೆಸರು ಕೇಳಿ ನಮ್ಮ ಮನೆಗೆ ಬಂದಿದ್ದರು. ಅವನ ವಯಸ್ಸು ನೋಡಿ ಸ್ವಲ್ಪ ಹಿಂಜರಿದರು.

"ಈ ಗಾಡಿ ಕೆಲ್ಸ ಮುಗೀಲಿ, ಪಾಸಿಂಗ್ ಆಗ್ಲಿ. ಆಮೇಲೆ ನೋಡ್ವಾ," ಅಂದು ಹೋದರು.

ಆ ದಿನದಿಂದ ಮಾವ ಗಾಡಿ ಎನ್ನುವುದನ್ನೇ ಬಿಟ್ಟ. ಏನು ಕೇಳಿದರೂ ತಾರಿ ದೋಣಿಯ ಮಾತೇ. ಉದ್ದ ಎಷ್ಟು, ತಳಕ್ಕೆ ಯಾವ ಮರ, ಯಾರನ್ನು ಜೊತೆಗೆ ಕರೆಯಬೇಕು. ಊಟಕ್ಕೆ ಕೂತರೂ ಅದೇ.

ಬೇಸಿಗೆಯಿಡೀ ಕೆಲಸ ನಡೆಯಿತು. ಕೆಡವಿದ ಮನೆಯೊಂದರ ತೊಲೆ ತಂದು ಸೀಳಿಸಿದೆವು. ಮಾವ ಅಳತೆಪಟ್ಟಿ ಹಿಡಿಯುತ್ತಿದ್ದುದೇ ಅಪರೂಪ. ಒಂದು ಕಣ್ಣು ಮುಚ್ಚಿ ಪಟ್ಟಿಯ ಉದ್ದಕ್ಕೆ ನೋಡಿ, ಎಲ್ಲಿ ಉಬ್ಬಿದೆಯೋ ಅಲ್ಲಿಗೆ ಸರಿಯಾಗಿ ಉಗುರಿನಿಂದ ಗೀರುತ್ತಿದ್ದ. ಹೊಸ ಮರ ಹಳೆ ಮರಕ್ಕೆ ಕೂಡಿದ ಜಾಗವನ್ನು ನಾನು ಬೆರಳಿಂದ ಸವರಿ ಹುಡುಕಬೇಕಾಗುತ್ತಿತ್ತು. ಆದರೆ ಮೊದಲ ಮಳೆ ಬಂದಾಗ ಹಿಂದಿನ ಹಲಗೆಗಳ ಸಂದಿಯಿಂದ ನೀರು ಒಳಗೆ ಜಿನುಗಿತು. ಮಾವನ ಮುಖ ನೋಡಲಾಗಲಿಲ್ಲ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಬುಧವಾರಕ್ಕೆ ನಾಲ್ಕು ದಿನ ಇರುವಾಗ ನಾನು ಸಾಮಾನು ತರಲು ಹುಬ್ಬಳ್ಳಿಗೆ ಹೋದೆ. ಭಾನುವಾರ ಸಂಜೆ ಬಂದು ನೋಡಿದರೆ ಗಾಡಿಯ ಹಿಂಭಾಗಕ್ಕೆಲ್ಲ ಒದ್ದೆ ಗೋಣಿಚೀಲ ಸುತ್ತಿದೆ, ಮಾವ ಕೊಡದಿಂದ ನೀರು ಹನಿಸುತ್ತಿದ್ದಾನೆ. ಮುಖದಲ್ಲಿ ಗೆದ್ದವನ ಕಳೆ.

"ಎರಡು ದಿನ ಆಯ್ತು. ಈಗ ನೋಡಾ, ಒಂದು ಹನಿ ಒಳಗೆ ಬರೂದಿಲ್ಲ. ಹಲಗೆ ನೀರು ಕುಡೀಬೇಕು. ಕುಡದ್ರೆ ಉಬ್ತದೆ, ಉಬ್ಬಿದ್ರೆ ಸಂದಿ ಮುಚ್ತದೆ. ಹೊಸ ದೋಣಿಗೆ ನಾವು ಮಾಡೂದೇ ಹಿಂಗೆ."

ನಾನು ಚೀಲ ಕಿತ್ತೆಸೆದು ಹಿಂದಿನ ಬಾಗಿಲಿನ ಹಿಡಿಕೆ ಎಳೆದೆ. ಅಲ್ಲಾಡಲಿಲ್ಲ. ಆ ಕಡೆಯ ಬಾಗಿಲು ಎಳೆದೆ. ಅದೂ ಇಲ್ಲ. ತೀರಾ ಹಿಂದಿನದು, ಸಾಮಾನು ಹಾಕುವ ಬಾಗಿಲು, ಗೋಡೆಯಂತೆ ಕೂತಿತ್ತು.

"ದೋಣಿಗೆ ಬಾಗಿಲು ಇರ್ತದಾ ಮಾವ?" ಎಂದು ಕೂಗಿದೆ.

ಮಾವನ ಕೈಯಲ್ಲಿ ಕೊಡ ಹಾಗೇ ನಿಂತಿತು. ಅದು ಅವನಿಗೆ ಹೊಳೆದೇ ಇರಲಿಲ್ಲ.

ಸೋಮವಾರ ಮೋಡ. ಬಾಗಿಲ ಅಂಚನ್ನು ಕೀಸಿ ಸಡಿಲ ಮಾಡು ಎಂದು ನಾನು ಬೆನ್ನು ಬಿದ್ದೆ. ಮಾವ ಒಪ್ಪಲಿಲ್ಲ.

"ನೀರು ಕುಡದ ಮರಕ್ಕೆ ಕೀಸುಳಿ ಹಾಕೂಕಾಗ. ಇವತ್ತು ಕೀಸಿದ್ರೆ ಒಣಗಿದ ಮೇಲೆ ಬೆರಳು ಹೋಗುವಷ್ಟು ಸಂದಿ ಬೀಳ್ತದೆ. ಒಂದು ತಾಸು ಬಿಸಿಲು ಸಾಕು, ತಾನೇ ಬಿಡ್ತದೆ."

"ಜೂನ್ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರ್ಲಿ?"

"ಬತ್ತದೆ. ತಡಿ ಸ್ವಲ್ಪ."

"ತಡದೂ ತಡದೂ ಸಾಕಾಯ್ತು. ನಿನ್ನ ದೋಣಿ ಕಾಲ ಮುಗ್ದು ಹೋಯ್ತು ಮಾವ. ನಿಂಗೆ ಕೊಟ್ಟಿದ್ದೇ ನನ್ನ ತಪ್ಪು."

ಸಿಟ್ಟು ಬಂದರೆ ಕೊಂಕಣಿಗೆ ಇಳಿಯುತ್ತಿದ್ದ ಮಾವ ಅಂದು ಕೈತೊಳೆದು ಒಳಗೆ ಹೋದ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ನಾನು ಅಂಗಡಿಯ ಕಡೆ ನಡೆದೆ.

ಮಂಗಳವಾರವೂ ಮೋಡ. ಮಧ್ಯಾಹ್ನ ಊಟವಾಗಿ ಮಾವ ಮಲಗಿದಾಗ ನಾನು ಅವನ ಪೆಟ್ಟಿಗೆಯಿಂದ ಕೀಸುಳಿ ತೆಗೆದುಕೊಂಡೆ. ಅವನ ಹತಾರವನ್ನು ಅವನಲ್ಲದೆ ಬೇರೆಯವರು ಮುಟ್ಟಿದ್ದು ಅದೇ ಮೊದಲಿರಬೇಕು. ಎಡಗಡೆಯ ಹಿಂದಿನ ಬಾಗಿಲನ್ನು ಒಳಗಿನಿಂದ ಒದ್ದು ತೆಗೆದು ಅಂಚಿಗೆ ಕೀಸುಳಿ ಹಾಕಿದೆ. ಒದ್ದೆ ಮರ ನಯವಾಗಿ ಏಳಲಿಲ್ಲ, ನಾರು ನಾರಾಗಿ ಕಿತ್ತು ಬಂತು. ಮುಚ್ಚಿ ನೋಡಿದರೆ ಇನ್ನೂ ಬಿಗಿ. ಮತ್ತೆ ಕೀಸಿದೆ. ಒಳಗೆ ಮಂಚ ಕಿರ್ರೆಂದರೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಕಡೆಗೆ ಬಾಗಿಲು ಆಡತೊಡಗಿದಾಗ ಗಾಯದ ಮೇಲೆ ಬಣ್ಣದ ವಾರ್ನಿಶ್ ಬಳಿದು, ಸಿಪ್ಪೆಯನ್ನೆಲ್ಲ ಗುಡಿಸಿ ಬಚ್ಚಲ ಒಲೆಗೆ ಹಾಕಿದೆ. ಒಂದಾದರೂ ತೆರೆಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬುಧವಾರ ಜಿಟಿಜಿಟಿ ಮಳೆಯಲ್ಲೇ ಹೊರಟೆವು. ಮುಂದಿನ ಬಾಗಿಲುಗಳು ಅಷ್ಟು ನೀರು ಕುಡಿದಿರಲಿಲ್ಲ, ಹೇಗೋ ತೆರೆದು ಕೂತೆವು. ಮಾವ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಅವರ್ಸಾ ದಾಟುವಾಗ ಮಳೆ ನಿಂತಿತು. ಅಮದಳ್ಳಿಗೆ ಬರುವಾಗ ಬಿಸಿಲು ಬಂತು, ಸುಡುಬಿಸಿಲು. ಮಾವ ಒಮ್ಮೆ ಆಕಾಶ ನೋಡಿದ, ನನ್ನನ್ನು ನೋಡಲಿಲ್ಲ. ಬಿಣಗಾ ಘಟ್ಟ ಇಳಿಯುವಾಗ ನಾನು ಕನ್ನಡಿಯಲ್ಲಿ ಎಡಗಡೆಯ ಹಿಂದಿನ ಬಾಗಿಲನ್ನೇ ನೋಡುತ್ತಿದ್ದೆ.

ಪಾಸಿಂಗ್ ಮೈದಾನದಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಗಾಡಿ ಎರಡು ತಾಸು ಬಿಸಿಲಿಗೆ ನಿಂತಿತ್ತು. ಟೆಂಪೋ, ಲಾರಿಯವರೆಲ್ಲ ಸುತ್ತ ಸೇರಿದ್ದರು. ಅವರಲ್ಲಿ ಕೋಡಿಬಾಗದ ನಾಲ್ಕಾರು ಜನ ಮಾವನ ಗುರುತಿನವರು. ಅಧಿಕಾರಿ ಇಂಜಿನ್ ನಂಬರ್ ನೋಡಿದರು, ಬ್ರೇಕ್ ನೋಡಿದರು. ಬಲಗಡೆಯ ಹಿಂದಿನ ಬಾಗಿಲ ಹಿಡಿಕೆಗೆ ಕೈಹಾಕಿದರು. ಬಾಗಿಲು ಸದ್ದಿಲ್ಲದೆ ತೆರೆಯಿತು, ಬೆರಳಲ್ಲಿ ತಳ್ಳಿದರೆ ಟಪ್ ಎಂದು ಕೂತಿತು. ತೀರಾ ಹಿಂದಿನದೂ ಹಾಗೇ. ಮಾವ ಹೇಳಿದ್ದು ಅಕ್ಷರಶಃ ನಡೆದಿತ್ತು.

"ಭಾರೀ ಚೆಂದ ಕೆಲಸ," ಅಂದರು ಅಧಿಕಾರಿ. ಜನ ತಲೆ ಆಡಿಸಿದರು. ಮಾವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

ಆಮೇಲೆ ಅವರು ಎಡಗಡೆಗೆ ಬಂದರು. ನನ್ನ ಬಾಗಿಲು ಹಿಡಿಕೆ ಮುಟ್ಟುವ ಮೊದಲೇ ಲಟಕ್ಕೆಂದು ತೆರೆದುಕೊಂಡಿತು. ಮುಚ್ಚಿದರೆ ಮೇಲಿನಿಂದ ಕೆಳಗಿನವರೆಗೆ ಬೆಳಕು ಕಾಣುವ ಸಂದಿ. ಅಧಿಕಾರಿ ಅಂಚನ್ನು ಸವರಿ ಕೈ ಹಿಂತೆಗೆದರು, ಹೆಬ್ಬೆರಳಿಗೆ ಸಿಬರು ಚುಚ್ಚಿತ್ತು.

"ಇದೇನಿದು? ಇದನ್ನು ಮಾಡಿದ್ದು ಯಾರು?"

ಮಾವ ಬಗ್ಗಿ ನೋಡಿದ. ವಾರ್ನಿಶ್ ಅಡಿಯ ನಾರು ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ನನಗೆ ಬಾಯಿ ಇತ್ತು, ಎರಡು ದಿನದ ಹಿಂದೆ ಎಷ್ಟು ಜೋರಾಗಿ ಓಡಿತ್ತು ಅದು. ಈಗ ಏಳಲಿಲ್ಲ. ಕೀಸಿದ್ದು ನಾನು ಎಂದರೆ ಪಾಸಿಂಗ್ ತಪ್ಪೀತು ಎಂದು ಹೆದರಿದೆನೋ, ಅಷ್ಟು ಜನರೆದುರು ನಾಚಿದೆನೋ, ಇಂದಿಗೂ ಗೊತ್ತಿಲ್ಲ.

"ನಾನೇ ಸಾಯ್ಬ್ರೆ," ಅಂದ ಮಾವ. "ಕಣ್ಣು ಮೊದ್ಲಿನ ಹಂಗೆ ಇಲ್ಲ ಈಗ. ಕೈಯೂ ನಡಗ್ತದೆ. ಸರಿ ಮಾಡಿ ಕೊಡ್ತೆ."

ಕೋಡಿಬಾಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಮನಸ್ಸು ಕರಗಿ, ವಯಸ್ಸಾಯಿತಲ್ಲ ಪಾಪ ಎಂದು ಸಹಿ ಹಾಕಿದರು. ಗಾಡಿ ಪಾಸಾಯಿತು.

ವಾಪಸು ಬರುವ ದಾರಿಯಲ್ಲಿ ನಾನು, "ಮಾವ, ಆ ಬಾಗಿಲು..." ಎಂದು ಶುರುಮಾಡಿದೆ. "ಪಾಸಾಯ್ತಲ್ಲ, ಬಿಡಾ," ಅಂದ.

ಮೂರನೆಯ ದಿನ ಮಂಜಗುಣಿಯವರು ಬಂದರು. ಮೈದಾನದ ಸುದ್ದಿ ಅವರಿಗೆ ಮುಟ್ಟಿತ್ತು. ಮಾವ ಅಂಗಳದಲ್ಲಿ ಆ ಎಡಗಡೆಯ ಬಾಗಿಲನ್ನು ಬಿಚ್ಚಿಟ್ಟುಕೊಂಡು ಅಂಚಿಗೆ ಹೊಸ ಪಟ್ಟಿ ಕೂಡಿಸುತ್ತಿದ್ದ. ಬಂದವರು ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತರು. ಹೊಳೆ ದಾಟಿಸುವ ದೋಣಿ, ಹೆಂಗಸರು ಮಕ್ಕಳು ಕೂರುವಂಥದ್ದು, ತಪ್ಪು ತಿಳಿಯಬೇಡಿ ಎಂದರು. ಮಾವ ತಲೆ ಎತ್ತದೆ, ಹೌದು, ಬೇರೆಯವರಿಗೆ ಕೊಡುವುದೇ ಸರಿ ಎಂದ.

ನನಗೆ ತಡೆಯಲಾಗಲಿಲ್ಲ. "ಅದು ಅವನ ಕೆಲ್ಸ ಅಲ್ಲ. ನಾ ಮಾಡಿದ್ದು. ಅಂವ ಮಲಗಿದಾಗ ಅವನ ಕೀಸುಳಿ ಕದ್ದು ನಾನೇ ಕೀಸಿದ್ದು. ಅವನ ಕಣ್ಣಿಗೆ ಏನೂ ಆಗಿಲ್ಲ," ಎಂದು ಒಂದೇ ಉಸಿರಿಗೆ ಹೇಳಿದೆ.

ಬಂದವರು ನನ್ನ ಮುಖವನ್ನೇ ನೋಡಿದರು. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಳಿಯ ಅಂದ್ರೆ ಹಿಂಗಿರ್ಬೇಕು, ಮಾವನ ತಪ್ಪು ತನ್ನ ಮೇಲೆ ಹಾಕ್ಕಂಬವ," ಎಂದು ಮಾವನ ಕಡೆ ತಿರುಗಿ ಹೇಳಿದರು. "ನೀವು ಪುಣ್ಯ ಮಾಡೀರಿ."

ಮಾವ ಹೌದೆಂದು ತಲೆಯಾಡಿಸಿದ. ಅವರು ಚಪ್ಪಲಿ ಹಾಕಿಕೊಂಡು ಗೇಟು ದಾಟಿ ಹೋದರು. ತಾರಿ ದೋಣಿಯನ್ನು ಆ ವರ್ಷ ಬೇರೆ ಯಾರೋ ಕಟ್ಟಿದರು.