ಫರ್ಜಾನಾ ಆಪಾ ಬಸ್ ಹತ್ತಲಿಲ್ಲ

ಕೇಳಿ ಸ್ನೇಹಿತರೇ, ಇವತ್ತು ನಮ್ಮ ಪಕ್ಕದ ಮನೆಯ ಫರ್ಜಾನಾ ಆಪಾ ಓಟದ ಸ್ಪರ್ಧೆಯಲ್ಲಿ ಅರವತ್ತು ಕಿಲೋಮೀಟರ್ ಓಡಿದರು. ಶಿವಮೊಗ್ಗದ ಗೋಪಾಳದಲ್ಲಿ ಬಟ್ಟೆ ಹೊಲಿಯುವ ಅವರಿಗೆ ಐವತ್ತರ ಹತ್ತಿರ ವಯಸ್ಸು. ಕಳೆದ ವರ್ಷ ಇದೇ ಓಟವನ್ನು ಅರ್ಧಕ್ಕೆ ಬಿಟ್ಟಿದ್ದರು. ಅದಕ್ಕೇ ಈ ಸಲ ನಾನು ನೀರು, ಗ್ಲೂಕೋಸ್ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆಯೇ ಹೋಗಿದ್ದೆ.

ಸಕ್ರೆಬೈಲು ಮುಟ್ಟಿ, ಭದ್ರಾವತಿಗೂ ಹೋಗಿ ಶಿವಮೊಗ್ಗಕ್ಕೆ ಮರಳುವಾಗ ಬಿಸಿಲಿಗೆ ಅವರಿಗೆ ವಾಂತಿಯಾಯಿತು. ರಸ್ತೆ ಬದಿಯಲ್ಲಿ ಕೂತುಬಿಟ್ಟರು. ಅದನ್ನು ನೋಡಿ ಬಸ್ಸೊಂದು ನಿಂತಿತು.

“ಹತ್ತಿ ಅಕ್ಕ, ಟಿಕೆಟ್ ಬೇಡ,” ಎಂದ ಕಂಡಕ್ಟರ್.

“ಬೇಡಣ್ಣ, ನಾನು ಓಡ್ತಿದೀನಿ.”

“ಬಸ್ ಇರುವಾಗ ಯಾಕೆ ಓಡ್ತೀರಿ?”

ನನಗೂ ಹೆದರಿಕೆಯಾಗಿತ್ತು. “ಸಾಕು ಆಪಾ, ಹತ್ತಿ,” ಎಂದೆ.

“ಹೋದ ವರ್ಷ ಹತ್ತಿದ್ದೆ ಮಾರಾಯ್ತಿ. ಮನೆ ತನಕ ಅತ್ಕೊಂಡೇ ಹೋದೆ. ಬಾ, ಈ ಲೇಸ್ ಕಟ್ಟು, ನಂಗೆ ಬಗ್ಗೋಕಾಗ್ತಿಲ್ಲ.”

ಕಟ್ಟಿದೆ. ನನ್ನ ಭುಜ ಹಿಡಿದು ಎದ್ದವರು ಓಡಿಯೇಬಿಟ್ಟರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈ ಹೊರಗೆ ಹಾಕಿ ಚಪ್ಪಾಳೆ ತಟ್ಟಿದರು. ಕಂಡಕ್ಟರ್ ಸೀಟಿ ಊದಿದ.

ಆಪಾ ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದರು. ನಾನಂತೂ ಅವರನ್ನು ತಬ್ಬಿಕೊಂಡು ಅತ್ತೆ.

ಅರವತ್ತು ಕಿಲೋಮೀಟರನ್ನು ಒಬ್ಬರೇ ಓಡಿದವರನ್ನು ಮಹಡಿ ಮನೆಗೆ ಹತ್ತಿಸಲು ಮಾತ್ರ ಒಂದು ಕಡೆ ಅವರ ಗಂಡ, ಇನ್ನೊಂದು ಕಡೆ ನಾನು ಬೇಕಾಯಿತು.